ಕಲ್ಲು ಬೀಳಿಸಿದ ಸೋದರತ್ತೆ

ತಮ್ಮನ ಮಗಳಿಗೆ ಹೆಸರಿಟ್ಟ ದಿನ ನನ್ನ ಅವ್ವನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವುದೂ ಬೇಡ.

ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ತಮ್ಮನಿಗೆ ಇರುವ ಒಬ್ಬಳೇ ಅಕ್ಕ ನಾನು. ಸೂಪರ್ ಮಾರ್ಕೆಟ್ ಬಜಾರಿನ ಗದ್ದಲದಲ್ಲಿ ಸುತ್ತಿ ಸುತ್ತಿ ಕೂಸಿನ ತಲೆಗೆ ತೊಡಿಸಲು ಒಂದು ಕುಂಚಿಗೆ ಕೊಂಡು, ಗಾಜಿಪುರದ ನಮ್ಮ ಮನೆಯಿಂದ ಅವ್ವನ ಜೊತೆ ಕಮಲಾಪುರಕ್ಕೆ, ತಮ್ಮನ ಹೆಂಡತಿಯ ತವರಿಗೆ ಹೋದೆ. ಹೊಸಿಲು ದಾಟಿದ್ದೇ ತಡ, ಅವ್ವ ಬೀಗಿತ್ತಿಗೆ ಹೇಳಿದಳು: "ಕೂಸಿನ್ನ ಈಕಿ ಕೈಯಾಗ ಕೊಡಬ್ಯಾಡ್ರಿ. ಹೆಸರು ನನ್ನ ಮೈದುನನ ಮಗಳು ಹೇಳ್ತಾಳ."

ಮೈಯೆಲ್ಲ ಉರಿಯಿತು. ನನ್ನ ಕೈಯಲ್ಲಿ ಏನೂ ನಿಲ್ಲುವುದಿಲ್ಲ, ನಿಜ. ಒಂದು ಮದುವೆಯ ಪಂಕ್ತಿಯಲ್ಲಿ ಮದುಮಗನ ತೊಡೆಯ ಮೇಲೆ ಹುಗ್ಗಿ ಸುರಿದವಳು ನಾನೇ. ಆದರೆ ಅದನ್ನು ಊರಿಗೆಲ್ಲ ಹೇಳಿ ನಗಿಸಿದವಳೂ ನಾನೇ ಅಲ್ಲವೇ? ಬೇರೆಯವರು ನಗುವ ಮೊದಲು ನಾನೇ ನಕ್ಕುಬಿಡೋಣ ಅಂತ. ಈಗ ಅವ್ವ ನನ್ನ ಕಥೆಗಳನ್ನೇ ಬೀಗರ ಮುಂದೆ ಸಾಕ್ಷಿ ಹೇಳಿದಂತೆ ಹೇಳತೊಡಗಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮೊದಲು ತೊಟ್ಟಿಲಿಗೆ ಕೂಸನ್ನು ಹಾಕುವುದಿಲ್ಲ. ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಹೆಂಗಸರು ಅದನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ದಾಟಿಸುತ್ತಾರೆ. ಆಮೇಲೆ ಕೂಸು. "ಕೂಸು ಕೊಡದಿದ್ರ ಕಲ್ಲರೆ ಕೊಡ್ರಿ ನನಗ" ಎಂದು ಸೆರಗು ಸಿಕ್ಕಿಸಿ ನಿಂತೆ. ಕೊಟ್ಟರು. ಧಡ್! ನನ್ನದೇ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

"ನೋಡಿದ್ರೇನ್ರಿ?" ಅಂದಳು ಅವ್ವ. ಅಬ್ಬಾ, ಆ ದನಿಯಲ್ಲಿದ್ದ ಗೆಲುವು!

ನೋವು, ನಾಚಿಕೆ, ಸಿಟ್ಟು ಎಲ್ಲ ಒಟ್ಟಿಗೆ ನೆತ್ತಿಗೇರಿತು. ತೊಟ್ಟಿಲ ಪಕ್ಕ ನೆಲದ ಮೇಲೆ ಧೊಪ್ಪನೆ ಕೂತು ಮಡಿಲೊಡ್ಡಿದೆ. "ಹೌದ್ರಿ, ನನ್ನ ಕೈಯಾಗ ಏನೂ ನಿಲ್ಲಂಗಿಲ್ಲ. ಅದಕ್ಕ ನೆಲಕ್ಕೇ ಕುಂತೀನಿ. ಇನ್ನ ಕೆಳಗ ಬೀಳ್ಲಿಕ್ಕ ಜಾಗ ಎಲ್ಲಿ ಅದ? ಕೂಸಿನ್ನ ತರ್ರಿ. ತರೂತನಾ ಏಳಂಗಿಲ್ಲ!"

ಬೀಗಿತ್ತಿ ಅವ್ವನ ಮುಖ ನೋಡಿದಳು. ಬಾಣಂತಿಯೇ ಕಿಸಕ್ಕನೆ ನಕ್ಕಳು. ನಗುತ್ತಲೇ ಬಂದು ಮಗಳನ್ನು ನನ್ನ ಮಡಿಲಲ್ಲಿಟ್ಟು, "ಹೇಳ್ರಿ ಅಕ್ಕಾ, ನೀವೇ ಹೇಳ್ರಿ" ಎಂದಳು.

ಬಗ್ಗಿ ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ಬೆನ್ನಿಗೆ ಗುದ್ದಿದರು. ಅವ್ವನ ಗುದ್ದೇ ಎಲ್ಲರಿಗಿಂತ ಜೋರು. ಕೂಸಿನ ಸುತ್ತ ಇದ್ದ ನನ್ನ ಕೈ ಸಡಿಲವಾಗಲಿಲ್ಲ.

"ಸಾಕು, ತಾ ಇತ್ತ" ಎಂದು ಅವ್ವ ಎರಡೂ ಕೈ ಚಾಚಿದಳು.

"ನೀನೂ ಕೆಳಗ ಕೂಡು ಮೊದ್ಲ. ನಿಂತೋರ ಕೈಯಾಗ ನಾ ಕೊಡಂಗಿಲ್ಲ."

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು, ನನ್ನ ಎದುರು ನೆಲಕ್ಕೆ ಕೂತಳು.