ರೆಪ್ಪೆಗೆ ಬಿಗಿದ ರೇಷ್ಮೆ ಎಳೆ

ನಮ್ಮ ಮಾವನವರಿಗೆ ಗಂಟು ಹಾಕುವುದರಲ್ಲಿ ಭಾರೀ ಜಂಭ. ಮಗ್ಗದ ಮೇಲೆ ಎಳೆ ಕಡಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೂಡಿಸುತ್ತಾರೆ. ಅದೇ ಕೈಯಲ್ಲಿ ಬೀದಿಯವರ ನರಹುಲಿಗೂ ರೇಷ್ಮೆ ಎಳೆ ಬಿಗಿಯುತ್ತಾರೆ. ರಕ್ತ ಓಡದೆ ಅದು ಒಣಗಿ ಉದುರುತ್ತದೆ. ಕೊಳ್ಳೇಗಾಲದಿಂದ ತಮಿಳುನಾಡಿನ ಅನ್ನೂರಿನ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೆ.

ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಕಂದು ನಾಯಿ. ಕಳೆದ ವರ್ಷ ಅದರ ಎಡಗಣ್ಣಿನ ರೆಪ್ಪೆಯ ಅಂಚಿನಲ್ಲಿ ಮೆಣಸಿನ ಕಾಳಿನಷ್ಟು ಗುಳ್ಳೆ ಎದ್ದಿತು. ರೆಪ್ಪೆ ಊದಿ ಸದಾ ನೀರು ಸುರಿಯುತ್ತಿತ್ತು. ಕಣ್ಣಿಗೆ ಇನ್ನೂ ಏನೂ ಆಗಿಲ್ಲ, ಸೋಮವಾರ ಗುಳ್ಳೆ ಕತ್ತರಿಸಿ ತೆಗೆಯುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಪಶು ಆಸ್ಪತ್ರೆಯ ಡಾಕ್ಟರು ತಮಿಳಿನಲ್ಲಿ ಒತ್ತಿ ಹೇಳಿ ಕಳಿಸಿದರು.

ಮಾವನಿಗೆ ಅದು ಅವಮಾನವಾಯಿತು. "ನರೂಲಿಗೆ ಆಪರೇಷನ್ ಏತುಕ್ಕಮ್ಮ? ನಾನೇನು ಸತ್ತೋದ್ನಾ?"

ಭಾನುವಾರ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನಾಯಿಯ ಬಾಯಿಗೆ ಟವೆಲ್ ಸುತ್ತಿ ಎಳೆ ಬಿಗಿದಾಗಿತ್ತು. ಗುಳ್ಳೆಯ ಜೊತೆ ರೆಪ್ಪೆಯ ಅಂಚೂ ಗಂಟಿಗೆ ಸಿಕ್ಕಿತ್ತು. ಬಿಚ್ಚಲು ಹೋದರೆ ಅದು ಬಿಚ್ಚುವ ಗಂಟೇ ಅಲ್ಲ. ಕತ್ತರಿ ಹಿಡಿದರೆ ನಾಯಿ ಹತ್ತಿರ ಬಿಡಲಿಲ್ಲ. ನೋವಿಗೆ ಕಣ್ಣನ್ನು ಗೋಡೆಗೆ ಉಜ್ಜಿ ಉಜ್ಜಿ ರಕ್ತ ಮಾಡಿಕೊಂಡಿತು. ಮಾವ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮರುದಿನ ಡಾಕ್ಟರು ಎಳೆಯನ್ನೇನೋ ತೆಗೆದರು, ಕಣ್ಣನ್ನು ಉಳಿಸಲಾಗಲಿಲ್ಲ.

"ನಾಯಿಗೆ ಕಣ್ಣು ಏತುಕ್ಕೆ? ಅದೇನು ಸೀರೆ ನೇಯ್ಬೇಕಾ?" ಎಂದರು ಮಾವ. ಆ ಮಾತಿಗೆ ನನ್ನ ಗಂಡನೂ ನಕ್ಕ.

ಆಮೇಲೆ ಮಾವನಿಗೆ ಅದೊಂದು ಆಟವಾಯಿತು. ನೆಂಟರು ಬಂದರೆ ಕುರುಡು ಬದಿಯಿಂದ ಸದ್ದಿಲ್ಲದೆ ಹೋಗಿ ನಾಯಿಯ ಕಿವಿ ಹಿಂಡುವುದು. ಅದು ಬೆಚ್ಚಿ ಹಾರಿದರೆ ಎಲ್ಲರೂ ಹೊಟ್ಟೆ ಹಿಡಿದು ನಗುವುದು. ಒಂದು ದಿನ ಅದು ತಿರುಗಿ ಅವರ ಕೈ ಕಚ್ಚಿತು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಅವರಿಗೇ ಔಷಧಿ ತರಲು ನಾನು ಹೋಗಿದ್ದಾಗ ನಾಯಿಯನ್ನು ನೂಲಿನ ವ್ಯಾನಿಗೆ ಹತ್ತಿಸಿ ಕಳಿಸಿಬಿಟ್ಟಿದ್ದರು. ಕುನ್ನತ್ತೂರು ದಾಟಿ ಎಲ್ಲೋ ಇಳಿಸುತ್ತಾರಂತೆ. ಎಲ್ಲಿ ಎಂದು ಅಳುತ್ತ ಕೇಳಿದೆ.

"ಇನ್ನೊಂದು ಕಣ್ಣು ಇದ್ಯಲ್ಲಮ್ಮ, ದಾರಿ ನೋಡ್ಕೊಂಡು ಬರ್ಲಿ," ಎಂದು ಗಾಯ ತೊಳೆಯಲು ಕೈ ನನ್ನ ಮುಂದೆ ಚಾಚಿದರು. ತೊಳೆದುಕೊಟ್ಟೆ. ನೀರಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಹಾಕಿದ್ದೆ.