ಊಟದ ಹೊತ್ತಿಗೆ ಕಳಿಸಿದ ಅತಿಥಿಗಳು

ಕಸಿಲ್ದಾಳಿಗೆ ತಂಗಿ ಫೆಲಿಸಾಳನ್ನು ಕಂಡರೆ ಹೊಟ್ಟೆಕಿಚ್ಚು ಎಂಬುದು ರಿಯೋಹಾ ಸೀಮೆಯ ವಿಲ್ಯಾರೊಂದಾ ಊರಲ್ಲಿ ಗುಟ್ಟೇನೂ ಆಗಿರಲಿಲ್ಲ. ಅಪ್ಪ ತೀರಿಕೊಂಡಾಗ ಊರೊಳಗಿನ ಮನೆ ಯಾರಿಗೆ, ನದಿಯಾಚೆಯ ದ್ರಾಕ್ಷಿತೋಟ ಯಾರಿಗೆ ಎಂಬ ಮಾತು ಬಂತು. ಆಗ ದ್ರಾಕ್ಷಿ ಬೆಳೆದವರೆಲ್ಲ ಸೊಂಟ ಮುರಿದುಕೊಂಡವರೇ, ಕಾಸು ಕಂಡವರಿಲ್ಲ. ಹಿರಿಯಳಾದ ಕಸಿಲ್ದಾ ಮನೆ ತನಗಿರಲಿ ಎಂದಳು. ಬಾಯಿಬಿಟ್ಟು ಕೇಳಿ ಪಡೆದದ್ದಾದ್ದರಿಂದ ಈಗ ಯಾರನ್ನೂ ಬಯ್ಯುವಂತಿರಲಿಲ್ಲ. ಉರಿಯುವ ಹೊಟ್ಟೆಗೆ ಅದೇ ತುಪ್ಪ. ತೋಟದ ಜೊತೆ ತಂಗಿಗೆ ಹೋದ ಹಳೇ ವೈನ್ ನೆಲಮಾಳಿಗೆಯ ಮುಂದೆ ಇವತ್ತು ವೈನ್ ಸವಿಯಲು ಬರುವವರ ಬಾಡಿಗೆ ಕಾರುಗಳಿಗೆ ನಿಲ್ಲಲು ಜಾಗವಿಲ್ಲ.

ಕಸಿಲ್ದಾ ತನ್ನ ಪಾಲಿನ ಮನೆಯನ್ನು ಅತಿಥಿಗೃಹ ಮಾಡಿಕೊಂಡಳು. ಕಾರು ಓಡಿಸಿಕೊಂಡು ರಿಯೋಹಾ ಸುತ್ತಲು ಬಂದವರು ಅಲ್ಲಿ ಉಳಿಯುತ್ತಿದ್ದರು. ಯಾವ ದಾರಿ, ಯಾರ ವೈನು, ಯಾವ ಹೊತ್ತಿಗೆ ಎಂಬುದನ್ನು ಬೆಳಗಿನ ಕಾಫಿ ಕೊಡುತ್ತ ಅವಳೇ ಗೊತ್ತು ಮಾಡುತ್ತಿದ್ದಳು. ಬೆಟ್ಟ ಹತ್ತಿಸಿ, ಊರೂರು ತಿರುಗಿಸಿ ಕಳಿಸುವಳು. ತಂಗಿಯ ಬಾಗಿಲು ಮಾತ್ರ ಅವಳು ಹೇಳಿದ ದಾರಿಗೆ ಸಿಗುತ್ತಿರಲಿಲ್ಲ.

ಡೆನ್ಮಾರ್ಕಿನ ಯೆನ್ಸ್ ಮತ್ತು ಬಿರ್ತಾ ದಂಪತಿ ಪ್ರತಿ ಸುಗ್ಗಿಗೂ ತಪ್ಪದೆ ಬರುತ್ತಿದ್ದರು. ಕೊನೆಯ ರಾತ್ರಿ ದ್ರಾಕ್ಷಿಯ ಒಣಕಡ್ಡಿ ಉರಿಸಿ, ಅದರ ಕೆಂಡದ ಮೇಲೆ ಕುರಿಮರಿಯ ಪಕ್ಕೆ ಸುಟ್ಟು ಅವರಿಗೆ ಬಡಿಸುತ್ತಿದ್ದಳು. ಬೇರೆ ಯಾರಿಗೂ ಇಲ್ಲದ ಮರ್ಯಾದೆ ಅದು. ಅವರು ತನ್ನವರು. ಈ ಸಲ ಹೊರಡುವ ಹಿಂದಿನ ದಿನ ಬಿರ್ತಾ, ಫೆಲಿಸಾಳ ವೈನ್ ಬಹಳ ಚೆನ್ನಾಗಿದೆಯಂತೆ, ಅವಳು ನಿಮ್ಮ ತಂಗಿಯೇ ಅಂತೆ, ಇವತ್ತಿನ ಸುತ್ತಿನಲ್ಲಿ ಅದನ್ನೂ ಸೇರಿಸಿ ಎಂದಳು. ಕಸಿಲ್ದಾಳ ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ತೋಟ ಹೋಯಿತು, ಹೆಸರು ಹೋಯಿತು, ಈಗ ಈ ಇಬ್ಬರನ್ನೂ ಅವಳೇ ತೆಗೆದುಕೊಂಡುಬಿಡಲಿ.

ಆದರೂ ನಗುತ್ತಲೇ ಸೇರಿಸಿದಳು, ಮಧ್ಯಾಹ್ನ ಎರಡೂವರೆಗೆ.

ಆ ಸೀಮೆಯಲ್ಲಿ ಅದು ಮನೆಮಂದಿಯೆಲ್ಲ ಊಟಕ್ಕೆ ಕೂತ ಹೊತ್ತು. ಯಾರಾದರೂ ಬಾಗಿಲು ತಟ್ಟಿದರೆ ಯಜಮಾನಿ ಎದ್ದು ಬಂದು "ಬನ್ನಿ, ಊಟ ಮಾಡಿ" ಎನ್ನಬೇಕು. ಬಂದವರು "ಬೇಡ, ನೀವು ಸುಖವಾಗಿ ಊಟ ಮಾಡಿ" ಎಂದು ಹಿಂದಿರುಗಬೇಕು. ಕರೆದವರೂ ಬಲವಂತ ಮಾಡುವುದಿಲ್ಲ, ಬಂದವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇವರು ವೈನ್ ಕಾಣದೆ ಮುಖ ಊದಿಸಿಕೊಂಡು ವಾಪಸ್ಸು ಬರುತ್ತಾರೆ, ಪಕ್ಕೆ ಸುಟ್ಟು ಸಮಾಧಾನ ಮಾಡಿದರಾಯಿತು ಎಂದು ಕಸಿಲ್ದಾ ದಿನವಿಡೀ ಹಾಡು ಗುನುಗಿಕೊಂಡಳು.

ಸಂಜೆ ಕೆಂಡ ಸಿದ್ಧವಾಯಿತು. ಕಾರು ಬರಲಿಲ್ಲ, ಫೋನು ಬಂತು. ಹಬ್ಬಕ್ಕೊಮ್ಮೆ ಬಿಟ್ಟರೆ ಮಾತಾಡದ ಫೆಲಿಸಾ.

"ಬನ್ನಿ ಊಟಕ್ಕೆ ಅಂದೆ, ಸೀದಾ ಬಂದು ಕೂತ್ಕೊಂಡೇಬಿಟ್ರು ಕಣಕ್ಕ," ಎಂದು ನಕ್ಕಳು.

ಕರೆದರೆ ಬಂದು ಕೂರುವ ಜನವೂ ಲೋಕದಲ್ಲಿದ್ದಾರೆಂದು ಕಸಿಲ್ದಾಳಿಗೆ ಹೊಳೆದಿರಲೇ ಇಲ್ಲ. ಕಾರು ಓಡಿಸಬೇಕೆಂದು ಹೋದಲ್ಲೆಲ್ಲ ವೈನ್ ರುಚಿ ನೋಡಿ ಉಗುಳುತ್ತಿದ್ದ ಯೆನ್ಸ್ ಅಲ್ಲಿ ಕುಡಿದೇಬಿಟ್ಟಿದ್ದ. ಇನ್ನು ಕಾರು ಓಡಿಸುವ ಹಾಗಿಲ್ಲ, ರಾತ್ರಿ ಇಲ್ಲೇ ಮಲಗುತ್ತಾರೆ ಎಂದಳು ಫೆಲಿಸಾ. ಹಿಂದಿನಿಂದ ಬಿರ್ತಾಳ ನಗು ಕೇಳಿಸಿತು. ತನ್ನ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಕಸಿಲ್ದಾಳಿಗೆ ನೆನಪಾಗಲಿಲ್ಲ.

"ಆ ಹೊತ್ತಿಗೆ ಸ್ವಂತದವ್ರನ್ನಲ್ದೆ ಇನ್ಯಾರನ್ನ ಕಳಿಸ್ತಾರೆ? ಹಿಂದೇನೇ ನೀನೂ ಬರ್ತೀಯ ಅಂದ್ಕೊಂಡೆ. ಅಂತೂ ಅಕ್ಕಂಗೆ ಸಿಟ್ಟು ಇಳೀತು ಅಂತ ನಿಂಗೂ ಒಂದು ತಟ್ಟೆ ಹಾಕಿದ್ದೆ," ಎಂದಳು ಫೆಲಿಸಾ.

ಕಸಿಲ್ದಾ ಏನು ಅಡುಗೆ ಮಾಡಿದ್ದೆ ಎಂದು ಕೇಳಿದಳು.

"ಅಪ್ಪ ಮಾಡ್ತಿದ್ರಲ್ಲ, ಆಲೂಗೆಡ್ಡೆ ಸಾರು. ತಟ್ಟೆ ಇನ್ನೂ ತೆಗ್ದಿಲ್ಲ. ಬಾ, ಊಟ ಮಾಡು."

"ಬೇಡ, ನೀವು ಸುಖವಾಗಿ ಊಟ ಮಾಡಿ."

ಹುಟ್ಟಿದಾಗಿನಿಂದ ರೂಢಿಯಾದ ಮಾತು, ತಾನಾಗಿ ಬಂದುಬಿಟ್ಟಿತು. ಫೆಲಿಸಾಳೂ ಅದೇ ಸೀಮೆಯವಳು; ಬಲವಂತ ಮಾಡಲಿಲ್ಲ.

ಕಸಿಲ್ದಾ ಹಿತ್ತಲಿಗೆ ಹೋಗಿ ಪಕ್ಕೆಗಳನ್ನು ಕೆಂಡದ ಮೇಲಿಟ್ಟಳು. ಮೂವರಿಗಾಗುವಷ್ಟಿತ್ತು.