ಖಂಡೇ ಪೂಜೆಗೆ ನಿಂತ ಜೀಪು

ಅವ್ವಣ್ಣನ ಬಾಯಿ ಬಿರುಸು. ಆದರೆ ಸ್ಟೇರಿಂಗ್ ಹಿಡಿದನೆಂದರೆ ಹಿಂದೆ ಕೂತ ಹೆಂಗಸರು ನೆಮ್ಮದಿಯಾಗಿ ತೂಕಡಿಸುತ್ತಿದ್ದರು. ಮರಾಠಿ ಸೀಮೆಯ ಹಿಂಜವಾಡಿಯಲ್ಲಿ ಮೊದಲ ಕಟ್ಟಡಗಳು ಏಳುವಾಗ ಅವನ ತಾಯಿ ಸಾಬವ್ವ ಶಹಾಪುರದ ಕಡೆಯಿಂದ ಬಂದು ಖಡಿ, ಜಲ್ಲಿಕಲ್ಲು ಹೊತ್ತವಳು. ಮಗ ಹೊರಲಿಲ್ಲ, ಹೊರುವವರನ್ನು ಕರೆದೊಯ್ಯುವ ಡ್ರೈವರ್ ಆದ. ಈಗ ನಿಗಡಿಯಲ್ಲಿ ಮನೆ. ಗುಡ್ಡದ ಮೇಲೆ ಸಿರಿವಂತರ ಬಂಗಲೆಗಳು ಏಳುತ್ತಿವೆ. ಗಾರೆ ಕೆಲಸದವರನ್ನು ದಿನಾ ಅಲ್ಲಿಗೆ ಮುಟ್ಟಿಸುವುದು ಅವನ ಕೆಲಸ. ಅವರಲ್ಲಿ ಅವನ ಹೆಂಡತಿ ದುರ್ಗಾಳೂ ಒಬ್ಬಳು. ಜೀಪು ಗುತ್ತಿಗೆದಾರನದು, ಆದರೂ ಅದರ ಡ್ರೈವರ್ ಸೀಟಿನಲ್ಲಿ ಬೇರೆಯವರು ಕೂತರೆ ಅವ್ವಣ್ಣನಿಗೆ ಮೈ ಉರಿಯುತ್ತಿತ್ತು.

ಆ ವರ್ಷ ಮಳೆಗೆ ಗುಡ್ಡದ ದಾರಿ ಕಿತ್ತುಹೋಗಿ ಬರೀ ಕಲ್ಲು ಉಳಿಯಿತು. ಕಲ್ಲಿಗೆ ತಾಗದಂತೆ ಜೀಪುಗಳನ್ನು ಎತ್ತರಿಸಲು ಗುತ್ತಿಗೆದಾರ ಅವ್ವಣ್ಣನದನ್ನೂ ಇನ್ನೊಬ್ಬ ಡ್ರೈವರ್ ಮನೋಹರನದನ್ನೂ ದಸರೆಯ ಮುಂಚೆ ಅಮೇಯನ ಗ್ಯಾರೇಜಿಗೆ ಕಳಿಸಿದ. ಕೆಲಸ ನಡೆದಿರುವಾಗಲೇ ಖಂಡೇ ಪೂಜೆ, ಅಂದರೆ ಆಯುಧಪೂಜೆ ಬಂತು. ನಟ್ಟು ಬಿಗಿಯುವ ಪಾನಾಗಳನ್ನೆಲ್ಲ ತೊಳೆದು ಮಣೆಯ ಮೇಲಿಟ್ಟು ಪೂಜೆ ಮಾಡಿದ ಮೇಲೆ ಮಾರನೆಯ ದಿನ ಬನ್ನಿ ಹಂಚುವ ತನಕ ಒಂದನ್ನೂ ಎತ್ತುವಂತಿಲ್ಲ. ಅವ್ವಣ್ಣನೂ ಹೋಗಿ ಕೈಮುಗಿದು ಪೇಢೆ ತಿಂದು ಬಂದಿದ್ದ. ಹಬ್ಬ ಮುಗಿದ ಮೇಲೆ ಎರಡೂ ಜೀಪು ಮನೆಗೆ ಬಂದವು.

ಬಂದಾಗಿನಿಂದ ಅವನ ಜೀಪಿಗೆ ಏನೋ ಹೊಕ್ಕಿತ್ತು. ನುಣ್ಣನೆಯ ರಸ್ತೆಯಲ್ಲಿ ಸಾಧು. ಒಂದು ತಗ್ಗು ಸಿಕ್ಕರೆ ಸಾಕು, ಸ್ಟೇರಿಂಗ್ ಮೈಮೇಲೆ ಬಂದವರಂತೆ ನಡುಗಿ ಕೈ ಕೊಡವುತ್ತಿತ್ತು. ದುರ್ಗಾ ನಿಂಬೆ, ಮೆಣಸಿನಕಾಯಿ ಕಟ್ಟಿದಳು. ಗ್ಯಾರೇಜಿಗೆ ಹೋಗಿ ಕೇಳಿದರೆ ಅಮೇಯನೋ ಫೋನಿನಿಂದ ಕಣ್ಣು ಕೀಳದೆ, "ನವ್ಯಾ ಸ್ಪ್ರಿಂಗಾ ಆಹೇತ್, ಬಸತೀಲ್" ಎಂದ. ಹೊಸ ಸ್ಪ್ರಿಂಗುಗಳಂತೆ, ತಾವೇ ಕೂರುತ್ತವಂತೆ! ಅವ್ವಣ್ಣ ಮರಾಠಿಯಲ್ಲೇ ಅವನಿಗೆ ಬೈದು ಬಂದ.

ಮರುದಿನ ಅವನು ಜೀಪು ತೆಗೆಯಲಿಲ್ಲ.

"ಇವತ್ತ ಮನೋಹರನ ಗಾಡ್ಯಾಗ ಹೋಗು. ಇದರ ಹೊಟ್ಟ್ಯಾಗ ಏನದ ನೋಡೇ ಬಿಡ್ತೀನಿ," ಎಂದು ದುರ್ಗಾಳನ್ನು ಕಳಿಸಿ, ಮನೆಯ ಮುಂದೆಯೇ ಗೋಣಿಚೀಲ ಹಾಸಿ ಕೆಳಗೆ ತೂರಿದ.

ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡಿನ ತುದಿಯಲ್ಲಿ ನಟ್ಟು ಕೆಂಪಗಿತ್ತು. ಬಿಗಿದು ಮುಗಿಸಿದ ನಟ್ಟಿಗೆ ಕೆಂಪು ಬಣ್ಣ ಹಚ್ಚುವುದು ಆ ಗ್ಯಾರೇಜಿನ ರೂಢಿ. ಅವ್ವಣ್ಣ ಬೆರಳಿಂದ ಒರೆಸಿದ. ಬಣ್ಣವಲ್ಲ, ಕುಂಕುಮ. ಒರೆಸುವ ಬೆರಳಿನ ಜೊತೆಗೇ ನಟ್ಟು ತಿರುಗಿತು. ಅದು ಬಿಚ್ಚದಂತೆ ಹಾಕಬೇಕಾದ ಪಿನ್ನಿನ ತೂತು ಖಾಲಿ.

ಅವನಿಗೆ ಎಲ್ಲ ತಿಳಿಯಿತು. ಬೆರಳಲ್ಲಿ ತಿರುಗಿಸಿಟ್ಟ ನಟ್ಟು ಹಾಗೇ ಇದ್ದಾಗ ಪಾನಾಗಳು ಪೂಜೆಗೆ ಹೋಗಿವೆ. ಯಾರೋ ಭಕ್ತಿಯಿಂದ ಕಂಡ ಕಂಡ ನಟ್ಟಿಗೆಲ್ಲ ಕುಂಕುಮ ಹಚ್ಚಿದ್ದಾರೆ. ಹಬ್ಬ ಕಳೆದು ಬಂದವನು ಕೆಂಪು ನೋಡಿ, ಬಿಗಿದಾಗಿದೆ ಎಂದು ಮುಂದೆ ಹೋಗಿದ್ದಾನೆ.

ಅವ್ವಣ್ಣ ನಟ್ಟು ಬಿಗಿದ, ಪಿನ್ನು ಹಾಕಿ ಮಡಚಿದ. ಪಾನಾ ಕೆಳಗಿಡುವಾಗ ಅವನಿಗೆ ನೆನಪಾಯಿತು. ಮನೋಹರನ ಜೀಪೂ ಅವತ್ತು ಅಲ್ಲೇ ನಿಂತಿತ್ತು.

ಮನೋಹರನ ಫೋನು ಹತ್ತಲಿಲ್ಲ, ಗುಡ್ಡದಲ್ಲಿ ಹತ್ತುವುದೂ ಇಲ್ಲ. ಜೀಪು ಏರಿ ಹೊರಟ. ಸ್ಟೇರಿಂಗ್ ಈಗ ಹೇಳಿದ ಮಾತು ಕೇಳುತ್ತಿತ್ತು, ಅದಕ್ಕೇ ಅವನಿಗೆ ಇನ್ನೂ ಭಯವಾಯಿತು. ಪ್ರತಿ ತಿರುವಿನಲ್ಲೂ ಕಣಿವೆಯ ಕಡೆ ನೋಡುತ್ತ, ನೋಡಲಾರದೆ, ಮೇಲೆ ಹತ್ತಿದ.

ಬಂಗಲೆಗಳತ್ತ ಹೋಗುವ ಕಡೆಯ ಇಳಿಜಾರಿನ ತಲೆಯ ಮೇಲೆ ಮನೋಹರನ ಜೀಪು ನಿಂತಿತ್ತು. ಹೆಂಗಸರು ಮತ್ತೆ ಹತ್ತಿ ಕೂರುತ್ತಿದ್ದರು. ದುರ್ಗಾಳ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಭಾಳ ನಡಗ್ಲಿಕ್ಕತ್ತಿತ್ತಣ್ಣಾ," ಎಂದ ಮನೋಹರ. "ಎಲ್ಲಾರ್ನೂ ಇಳಿಸಿ ಚಕ್ರದ ಬುಡಕ ನಿಂಬಿಹಣ್ಣ ಇಟ್ಟು ಹಾಯಿಸೀನಿ. ಇನ್ನೇನ್ ಆಗಂಗಿಲ್ಲ ಬಿಡು."

"ಇಳೀರಿ! ಎಲ್ಲಾರೂ ಇಳೀರಿ!"

ಯಾರೂ ಅಲುಗಲಿಲ್ಲ. ಅವ್ವಣ್ಣ ಚೀರುವುದು ಅವರಿಗೆ ಹೊಸದೇನಲ್ಲ. ಒಬ್ಬಳು ನಕ್ಕಳು ಕೂಡ. ಅವನು ಕೈಚಾಚಿ ಕೀಲಿ ಕಿತ್ತುಕೊಂಡ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ತೂರಿದ. ಅಲ್ಲಿ ನಟ್ಟೇ ಇರಲಿಲ್ಲ. ಕೈಯಿಂದ ಒಮ್ಮೆ ಜಗ್ಗಿದ್ದಕ್ಕೆ ರಾಡು ಕಳಚಿ ನೆಲಕ್ಕೆ ಬಿತ್ತು.

ಆ ಸದ್ದಿಗೆ ದುರ್ಗಾ ಬಗ್ಗಿ ನೋಡಿದಳು. ಅವಳಿಗೆ ರಾಡಿನ ಹೆಸರು ಗೊತ್ತಿರಲಿಲ್ಲ, ಗಂಡನ ಮುಖ ಗೊತ್ತಿತ್ತು. ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದಳು. ಎಲ್ಲರೂ ಇಳಿದ ಮೇಲೆ ಅವಳು ದಾರಿಯಲ್ಲೇ ಕೂತಳು. ಅವ್ವಣ್ಣ ಪಕ್ಕದಲ್ಲಿ ಕೂತು, ಎಲ್ಲರೆದುರೇ ಅವಳ ಕೈ ಹಿಡಿದುಕೊಂಡ. ಅವನಿಗೆ ಅಳು ಬಂತು. ಅಳುತ್ತಲೇ ಕುಂಕುಮ ಹಚ್ಚಿದ ನಟ್ಟಿನ ಸಂಗತಿ ಹೇಳಿದ.

"ರೀ," ಎಂದಳು ದುರ್ಗಾ, "ಅವತ್ತ ಪೂಜಿಗಿ ನಮ್ಮವೆರಡೇ ಗಾಡಿ ಇದ್ದವೇನ್ರಿ?"

ಅವ್ವಣ್ಣ ಕೆಳಗೆ ಹಿಂಜವಾಡಿಯ ರಸ್ತೆಯತ್ತ ನೋಡಿದ. ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದವು.

"ಇಲ್ಲ," ಎಂದ. "ಗ್ಯಾರೇಜ್ ತುಂಬಿ ರಸ್ತಾದ ಮ್ಯಾಲೂ ನಿಂತಿದ್ದವು."